ಶ್ರುತಿರಾಯರು ಹಕ್ಕಿ ನೋಡಿದ್ದು

ಶ್ರುತಿರಾಯರಿಗೆ ತಮ್ಮ ಕಿವಿಗಳ ಬಗ್ಗೆ ಇದ್ದಷ್ಟು ಹೆಮ್ಮೆ ಬೇರೆಯವರಿಗೆ ಹೆತ್ತ ಮಕ್ಕಳ ಬಗ್ಗೆಯೂ ಇರಲಿಕ್ಕಿಲ್ಲ. ಹಳೆಯ ಪಿಯಾನೊಗಳ ಶ್ರುತಿ ಕೂಡಿಸುವುದು ಅವರ ಕಸುಬು. ಹೆಸರೂ ಅದರಿಂದಲೇ ಅಂಟಿಕೊಂಡದ್ದು. ಸಂಗೀತ ಶಾಲೆ, ದೊಡ್ಡ ಹೋಟೆಲ್ಲು, ಅಜ್ಜಿ ಬಿಟ್ಟುಹೋದ ಪಿಯಾನೊವನ್ನು ಮಾರಲೂ ಆಗದೆ ನುಡಿಸಲೂ ಬಾರದೆ ಅದರ ಮೇಲೆ ಹೂದಾನಿ ಇಟ್ಟುಕೊಂಡು ಕೂತ ಮನೆ, ಎಲ್ಲಿಂದ ಕರೆ ಬಂದರೂ ಚರ್ಮದ ಚೀಲ ಹಿಡಿದು ಹೊರಡುವರು. ಮುಚ್ಚಳ ತೆಗೆದು, ತಂತಿಗಳ ನಡುವೆ ಉಣ್ಣೆಯ ಪಟ್ಟಿ ತೂರಿಸಿ, ಬಿರಡೆಗೆ ಚಾವಿ ಹಾಕಿ ತಿರುಗಿಸಿ, ಕಣ್ಣು ಮುಚ್ಚಿಕೊಂಡು ಒಂದೊಂದೇ ಸ್ವರ ಬಾರಿಸುವರು. ಆ ಹೊತ್ತಿನಲ್ಲಿ ಮನೆಯವರು ಜೋರಾಗಿ ಉಸಿರಾಡಿದರೂ ತಪ್ಪು. "ಸ್ವಲ್ಪ ಆ ಫ್ರಿಜ್ಜು ಆಫ್ ಮಾಡ್ತೀರಾ? ಅಪಸ್ವರ ಹೇಳ್ತಿದೆ," ಎಂದು ಹೇಳಿ ಎಷ್ಟೋ ಅಡುಗೆಮನೆಗಳಲ್ಲಿ ಹಾಲು ಕೆಡಿಸಿದ ಕೀರ್ತಿ ಅವರದು.

ಅವರ ಹೆಂಡತಿ ಮನೆಯ ಮುಂಗೋಣೆಯಲ್ಲಿ ಹೊಲಿಗೆ ಮಿಷನ್ನು ಇಟ್ಟುಕೊಂಡಿದ್ದರು. ಸಡಿಲವಾದ ಕೋಟು ಬಿಗಿ ಮಾಡುವುದು, ಬಿಗಿಯಾದ ಕೋಟು ಸಡಿಲ ಮಾಡುವುದು, ಕಿತ್ತುಹೋದ ಲೈನಿಂಗ್ ಹಾಕುವುದು ಅವರ ಕೆಲಸ. "ನಮ್ಮವರ ಕಿವಿಗೆ ನನ್ನ ಮಿಷನ್ನಿನ ಅಪಸ್ವರ ಕೇಳ್ಸುತ್ತೆ, ನಾನು ಕರೆದದ್ದು ಮಾತ್ರ ಕೇಳ್ಸಲ್ಲ," ಎಂದು ಅವರು ಗಿರಾಕಿಗಳ ಮುಂದೆ ಹೇಳುತ್ತಿದ್ದರು. ಯಾವ ಹೆಂಡತಿ ಹೇಳುವುದಿಲ್ಲ ಎಂದು ಗಿರಾಕಿಗಳು ನಕ್ಕು ಸುಮ್ಮನಾಗುತ್ತಿದ್ದರು.

ಭಾನುವಾರ ಬೆಳಿಗ್ಗೆ ರಾಯರು ಊರಿನ ದೊಡ್ಡ ಪಾರ್ಕಿಗೆ ಹೋಗುವರು. ಅಲ್ಲೊಂದು ಹಕ್ಕಿ ನೋಡುವವರ ಗುಂಪು ಸೇರುತ್ತಿತ್ತು. ಗುಂಪಿಗೆ ಮುಂದಾಳು ಹಲ್ಲಿನ ಡಾಕ್ಟರು. ಕೊರಳಲ್ಲಿ ಭಾರವಾದ ಬೈನಾಕ್ಯುಲರ್, ತಲೆಗೆ ಅಗಲ ಅಂಚಿನ ಟೋಪಿ, ಬಾಯಲ್ಲಿ ಸದಾ ಸಿದ್ಧವಾಗಿರುವ ಅಭಿಪ್ರಾಯ. ಅವರ ಬಲಗೈಯಂತಿದ್ದವರು ಅಂಚೆ ಹಂಚುವ ಹೆಂಗಸು. ದಿನವಿಡೀ ಬೀದಿ ಸುತ್ತುವ ಕೆಲಸವಾದ್ದರಿಂದ ಯಾವ ಮರದಲ್ಲಿ ಯಾರ ಸಂಸಾರ ಇದೆ ಎಂಬುದು ಆಕೆಗೆ ಬಾಯಿಪಾಠ. ರಾಯರ ಬಳಿ ಮಾತ್ರ ಯಾವ ಉಪಕರಣವೂ ಇಲ್ಲ. ಬೆಂಚಿನ ಮೇಲೆ ಕೂತು ಕಣ್ಣು ಮುಚ್ಚಿ, "ಎಡಗಡೆ ಪಿಕಳಾರ. ಹಿಂದೆ ಮಡಿವಾಳ. ಪೊದೆಯೊಳಗೆ ಟುವ್ವಿ, ಇವತ್ತು ಗಂಟಲು ಸರಿ ಇಲ್ಲ ಅದಕ್ಕೆ," ಎನ್ನುವರು. ಉಳಿದವರು ಬೈನಾಕ್ಯುಲರ್ ತಿರುಗಿಸಿ ನೋಡಿದರೆ ಹೇಳಿದ್ದು ಹೇಳಿದ ಹಾಗೇ ಇರುತ್ತಿತ್ತು.

"ಒಂದ್ಸಲ ಕಣ್ಣು ಬಿಟ್ಟು ನೋಡಿ ರಾಯರೇ, ಹಕ್ಕಿಗೆ ಬಣ್ಣಾನೂ ಇರುತ್ತೆ," ಎಂದು ಡಾಕ್ಟರು ಕಿಚಾಯಿಸುವರು.

"ಬಣ್ಣ ಮೋಸ ಮಾಡುತ್ತೆ ಡಾಕ್ಟ್ರೇ. ಬಿಸಿಲು ಬಿದ್ದರೆ ಒಂದು, ನೆರಳಿದ್ದರೆ ಇನ್ನೊಂದು. ದನಿ ಹಾಗಲ್ಲ."

ಹೀಗೆ ನಡೆದುಕೊಂಡು ಹೋಗುತ್ತಿದ್ದದ್ದು ಒಂದು ಚಳಿಗಾಲದ ಭಾನುವಾರ ಎಡವಿ ಬಿತ್ತು.

ಪಾರ್ಕಿನ ಮೂಲೆಯ ಪೈನ್ ಮರದ ಕೆಳಗೆ ಬರುತ್ತಿದ್ದಂತೆ ಅಂಚೆಯಾಕೆ ಕೈಯೆತ್ತಿ ಎಲ್ಲರನ್ನೂ ನಿಲ್ಲಿಸಿದರು. "ಶ್! ಕೇಳಿ. ಹೊನ್ನೆತ್ತಿ!"

ಹೊನ್ನೆತ್ತಿ ಎಂದರೆ ಆ ಗುಂಪಿನವರು ವರ್ಷಗಟ್ಟಲೆ ಬಾಯಿ ಬಾಯಿ ಬಿಟ್ಟುಕೊಂಡು ಕಾದ ಹಕ್ಕಿ. ಹೆಬ್ಬೆಟ್ಟಿಗಿಂತ ಸ್ವಲ್ಪ ದೊಡ್ಡದು, ಅಷ್ಟೆ. ಚಳಿಗಾಲದಲ್ಲಿ ಎಲ್ಲೋ ಒಮ್ಮೆ ಈ ಕಡೆ ತಲೆ ಹಾಕುತ್ತದೆ ಎಂಬ ಸುದ್ದಿ ಇತ್ತೇ ಹೊರತು ಕಂಡವರಿರಲಿಲ್ಲ. ಎಲ್ಲರೂ ಕಲ್ಲಾಗಿ ನಿಂತರು. ರಾಯರು ಎಂದಿನಂತೆ ಕಣ್ಣು ಮುಚ್ಚಿದರು. ದೂರದಲ್ಲಿ ಬಸ್ಸು ಗೇರು ಬದಲಿಸಿದ್ದು ಕೇಳಿಸಿತು. ಯಾರೋ ಕೆಮ್ಮಿದ್ದು ಕೇಳಿಸಿತು. ತಮ್ಮದೇ ಹೊಟ್ಟೆ ಗುಡುಗಿದ್ದೂ ಕೇಳಿಸಿತು. ಹಕ್ಕಿ ಮಾತ್ರ ಇಲ್ಲ.

"ಅಬ್ಬಾ, ಎಷ್ಟು ಸಣ್ಣ ದನಿ! ಗಾಜಿನ ಮೇಲೆ ಸೂಜಿ ಎಳೆದ ಹಾಗೆ," ಎಂದರು ಅಂಚೆಯಾಕೆ.

"ಹೌದು, ಹೌದು. ಸ್ಪಷ್ಟವಾಗಿದೆ," ಎಂದರು ಡಾಕ್ಟರು.

ಎಲ್ಲರ ಮುಖವೂ ರಾಯರ ಕಡೆ ತಿರುಗಿತು. ತೀರ್ಪು ಕೊಡಬೇಕಾದವರು ಅವರಲ್ಲವೇ? ರಾಯರು ಗಂಟಲು ಸರಿಮಾಡಿಕೊಂಡು, "ಹಕ್ಕಿ ಅಲ್ಲ ಅದು. ಯಾರದೋ ಶೂ ಕಿರುಗುಟ್ತಿದೆ," ಎಂದುಬಿಟ್ಟರು.

ಯಾರೂ ಕಾಲು ಕದಲಿಸಿರಲಿಲ್ಲ. ಎಲ್ಲರೂ ಒಮ್ಮೆ ತಮ್ಮ ತಮ್ಮ ಶೂ ನೋಡಿಕೊಂಡರು. ಅಂಚೆಯಾಕೆ ಬೈನಾಕ್ಯುಲರ್ ಎತ್ತಿ ಕೊಂಬೆ ಕೊಂಬೆಯನ್ನೂ ಸೋಸಿದರು. ಏನೂ ಕಾಣಲಿಲ್ಲ. "ಕಂಡಿದ್ರೆ ಅನುಮಾನಾನೇ ಇರ್ತಿರಲಿಲ್ಲ," ಎಂದು ಗುಂಪಿಗೆ ವಿವರಿಸಿದರು. "ಎಲೆ ಉಲಿಯಕ್ಕಿ ಅಂತ ಇದೆಯಲ್ಲ, ಅದೂ ಹೀಗೇ ಪುಟ್ಟದು, ಹಸಿರು. ಆದ್ರೆ ಅದಕ್ಕೆ ಕಣ್ಣಿನ ಮೇಲೆ ಉದ್ದಕ್ಕೆ ಹುಬ್ಬಿನ ಗೆರೆ ಇರುತ್ತೆ. ಹೊನ್ನೆತ್ತಿಗೆ ಹುಬ್ಬೇ ಇಲ್ಲ, ಬೋಳು ಮುಖ. ರೆಕ್ಕೆ ಮೇಲೆ ಬಿಳಿ ಪಟ್ಟಿ. ಮುಖ್ಯ ಅಂದ್ರೆ ನೆತ್ತಿ ಮೇಲೆ ಹಳದಿ ಗೆರೆ, ಎರಡೂ ಕಡೆ ಕಪ್ಪು ಅಂಚು. ಆದ್ರೆ ಕೆಳಗಿಂದ ನೋಡಿದ್ರೆ ನೆತ್ತಿ ಎಲ್ಲಿ ಕಾಣುತ್ತೆ?"

ರಾಯರು ಮನೆಗೆ ಬಂದವರು ಊಟಕ್ಕೂ ಸರಿಯಾಗಿ ಕೂರಲಿಲ್ಲ. ಶೂ ಎಂದದ್ದು ಸುಳ್ಳು ಎಂದು ಅವರಿಗೇ ಗೊತ್ತಿತ್ತು. ಮುಂದಿನ ವಾರ ಹೇಗಾದರೂ ಮಾಡಿ ತಾವೇ ಮೊದಲು ಹಕ್ಕಿಯ ದನಿಯನ್ನು ಹಿಡಿಯಬೇಕು ಎಂದು ನಿರ್ಧರಿಸಿದರು.

ಮುಂದಿನ ಭಾನುವಾರ ಅದೇ ಪೈನ್ ಮರದ ಕೆಳಗೆ ಕಿವಿ ನಿಮಿರಿಸಿಕೊಂಡು ನಿಂತರು. ಸ್ವಲ್ಪ ಹೊತ್ತಿಗೆ ಸಣ್ಣಗೆ ಕೀಚ್, ಕೀಚ್, ಕೀಚ್ ಎಂದು ಕೇಳಿಸಿಯೇಬಿಟ್ಟಿತು. ರಾಯರ ಮೈ ಜುಮ್ಮೆಂದಿತು. ಕಣ್ಣು ಮುಚ್ಚಿಕೊಂಡೇ ಬೆರಳು ಎತ್ತಿ, "ಅಗೋ! ಹೊನ್ನೆತ್ತಿ! ಬಲಗಡೆ, ತಗ್ಗಿನಲ್ಲಿ. ಹತ್ತಿರ ಬರ್ತಿದೆ!" ಎಂದು ಘೋಷಿಸಿದರು.

ಹತ್ತಿರ ಬಂದದ್ದು ಕೂಸಿನ ತಳ್ಳುಗಾಡಿ. ತಳ್ಳುತ್ತಿದ್ದ ತಾಯಿ ಇಷ್ಟು ಜನ ತನ್ನ ಕಡೆ ಬೈನಾಕ್ಯುಲರ್ ಹಿಡಿದಿರುವುದನ್ನು ಕಂಡು ಗಾಬರಿಯಾಗಿ, "ಚಕ್ರಕ್ಕೆ ಎಣ್ಣೆ ಬಿಡ್ಬೇಕು ಅಂತಲೇ ಇದ್ದೆ," ಎಂದು ಕ್ಷಮೆ ಕೇಳುವ ದನಿಯಲ್ಲಿ ಹೇಳಿ ಬೇಗ ಬೇಗ ಹೋದಳು. ಹಲ್ಲಿನ ಡಾಕ್ಟರು ಮರ ಹಿಡಿದುಕೊಂಡು ನಕ್ಕರು. ನಗು ನಿಲ್ಲುತ್ತಿದ್ದಂತೆ, "ಹತ್ತಿರ ಬರ್ತಿದೆ!" ಎಂದು ಮತ್ತೆ ನೆನಪಿಸಿಕೊಂಡು ಇನ್ನೊಂದು ಸುತ್ತು ನಕ್ಕರು.

ರಾಯರು ಮುಖ ಹುಳ್ಳಗೆ ಮಾಡಿಕೊಂಡು ಮನೆಗೆ ಬಂದು, ಬಟ್ಟೆ ಒಗೆಯುವ ಮಿಷನ್ನಿನ ಪಕ್ಕದ ಕುರ್ಚಿಯಲ್ಲಿ ಪೇಪರಿನ ಹಿಂದೆ ಅಡಗಿ ಕೂತರು. ಹೆಂಡತಿ ಹೊಲಿಗೆ ಬಿಟ್ಟು ಎದ್ದು ಬಂದು ಸೊಂಟಕ್ಕೆ ಕೈಯಿಟ್ಟು ನಿಂತರು.

"ರೀ, ಇದು ಕೆಲಸ ಮುಗಿಸಿ ಆಗಿನಿಂದ ಬೀಪ್ ಬೀಪ್ ಅಂತ ಹೊಡ್ಕೋತಿದೆ. ಕೇಳಿಸ್ತಿಲ್ವಾ?"

ರಾಯರು ಪೇಪರು ಇಳಿಸಿ ಮಿಷನ್ನು ನೋಡಿದರು. ಅದರ ಕೆಂಪು ದೀಪ ಮಿಣುಕುತ್ತಿತ್ತು. ಹೆಂಡತಿಯ ಮುಖ ನೋಡಿದರು. ಇನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲವೆನಿಸಿತು.

"ಇಲ್ಲ ಕಣೇ," ಎಂದರು. ಶೂ, ತಳ್ಳುಗಾಡಿ ಎಲ್ಲವನ್ನೂ ಹೇಳಿದರು. ತಳ್ಳುಗಾಡಿಯ ಭಾಗಕ್ಕೆ ಬಂದಾಗ ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡದ್ದು ಕಂಡರೂ ಕಾಣದವರಂತೆ ಮುಂದುವರಿಸಿದರು.

"ಅಯ್ಯೋ, ನಾನಿಷ್ಟು ದಿನ ಸೋಮಾರಿತನ ಅಂದ್ಕೊಂಡಿದ್ನಲ್ಲ! ಕಿವಿ ಮಂದ ಅಂತ ಗೊತ್ತಿದ್ರೆ ಬೈತಿರ್ಲಿಲ್ಲ."

"ಹಾಗಾದ್ರೆ ಬೈದಿದ್ದನ್ನೆಲ್ಲ ವಾಪಸ್ ತಗೋ."

"ಅರ್ಧ ತಗೋತೀನಿ. ಮಿಕ್ಕಿದ್ದು ಸೋಮಾರಿತನಕ್ಕೇ ಇರಲಿ."

ಕೆಲಸದ ವಿಷಯಕ್ಕೆ ಇಬ್ಬರೂ ಬರಲಿಲ್ಲ. ಕಿವಿ ಹೋದರೆ ಕಸುಬೂ ಹೋದಂತೆ ಎಂಬುದು ಇಬ್ಬರ ಮನಸ್ಸಿನಲ್ಲೂ ಇತ್ತು. ಆಕೆ ಮರುದಿನವೇ ಅವರನ್ನು ಆಸ್ಪತ್ರೆಗೆ ಹೊರಡಿಸಿ, ತಾವೂ ಜೊತೆಗೆ ಬಂದರು.

ಕಿವಿ ಪರೀಕ್ಷೆಯ ವಿಭಾಗ ಎರಡನೇ ಮಹಡಿಯಲ್ಲಿತ್ತು. ಪರೀಕ್ಷೆ ಮಾಡುವ ಹುಡುಗಿ ರಾಯರನ್ನು ಬೀರುವಿನಂಥ ಒಂದು ಪುಟ್ಟ ಕೋಣೆಯೊಳಗೆ ಕೂರಿಸಿ, ತಲೆಗೆ ಹೆಡ್‌ಫೋನು ಹಾಕಿ, ಕೈಗೊಂದು ಗುಂಡಿ ಕೊಟ್ಟಳು. "ತಾತ, ಶಬ್ದ ಕೇಳಿಸಿದ ತಕ್ಷಣ ಇದನ್ನ ಒತ್ತಿ. ಎಷ್ಟು ಸಣ್ಣಗೆ ಕೇಳಿಸಿದ್ರೂ ಒತ್ತಿ." ದಪ್ಪ ಬಾಗಿಲು ಮುಚ್ಚಿಕೊಂಡಿತು. ಗಾಜಿನ ಆಚೆ ಹುಡುಗಿ, ಹುಡುಗಿಯ ಹಿಂದೆ ಆಸ್ಪತ್ರೆಯ ಕಿಟಕಿ, ಕಿಟಕಿಗೆ ಮೈ ತಾಗಿಸಿಕೊಂಡು ಒಂದು ಪೈನ್ ಮರ.

ಮೊದಲು ಬಂದವು ಕೆಳಗಿನ ಸ್ವರಗಳು. ರಾಯರು ಕಣ್ಣು ಮುಚ್ಚಿ ಟಕ್ ಟಕ್ ಎಂದು ಒತ್ತಿದರು. ನಡುವಿನ ಸ್ವರಗಳಿಗೂ ಒತ್ತಿದರು. ಒಂದು ಸ್ವರ ಚೂರು ಇಳಿದಿದೆ ಎಂದು ಹೇಳಬೇಕೆನಿಸಿದರೂ ತಡೆದುಕೊಂಡರು. ಆಮೇಲೆ ಮೌನ. ಮೌನ ಉದ್ದವಾಯಿತು. ಹುಡುಗಿ ಏನೇನೋ ತಿರುಗಿಸುತ್ತಿದ್ದಾಳೆ ಎಂದು ಗೊತ್ತಿತ್ತು. ಆಕೆ ಶಬ್ದ ಕಳಿಸುತ್ತಿದ್ದಾಳೆ, ತಮಗೆ ಮುಟ್ಟುತ್ತಿಲ್ಲ. ಜೀವಮಾನದಲ್ಲಿ ಮೊದಲ ಸಲ, ಕೇಳುವ ಹೊತ್ತಿನಲ್ಲಿ ಅವರು ಕಣ್ಣು ಬಿಟ್ಟರು.

ಕಿಟಕಿಯಾಚೆಯ ಕೊಂಬೆಯ ತುದಿಯಲ್ಲಿ ಒಂದು ಪುಟಾಣಿ ಹಕ್ಕಿ ಕೂತಿತ್ತು. ಅದು ಕೊಕ್ಕು ತೆರೆಯಿತು, ಗಂಟಲು ನಡುಗಿತು. ರಾಯರ ಹೆಬ್ಬೆರಳು ತಾನಾಗಿಯೇ ಗುಂಡಿ ಒತ್ತಿತು. ಹಕ್ಕಿ ಮತ್ತೆ ಕೊಕ್ಕು ತೆರೆಯಿತು. ರಾಯರು ಮತ್ತೆ ಒತ್ತಿದರು. ಹಕ್ಕಿಗೆ ಹುರುಪು ಬಂದಂತೆ ರಾಯರಿಗೂ ಹುರುಪು ಬಂತು. ಹುಡುಗಿ ಯಂತ್ರವನ್ನೊಮ್ಮೆ, ರಾಯರನ್ನೊಮ್ಮೆ ನೋಡಿದಳು. ಯಂತ್ರದ ತಲೆಗೆ ಎರಡು ತಟ್ಟಿದಳು. ಕೊನೆಗೆ ಬಾಗಿಲು ತೆಗೆದಳು.

"ತಾತ, ನಾನೀಗ ಶಬ್ದಾನೇ ಕಳಿಸ್ತಿಲ್ಲ. ನೀವು ನೋಡಿದ್ರೆ ಒತ್ತಿದ್ದೇ ಒತ್ತಿದ್ದು..."

"ನೀವು ಕಳಿಸ್ದೇ ಇರ್ಬಹುದು ಕಣಮ್ಮ. ಅದು ಹಾಡ್ತಿದೆಯಲ್ಲ!"

ಹುಡುಗಿ ತಿರುಗಿ ನೋಡಿ ನಕ್ಕಳು. "ಈ ಗಾಜಿನ ಒಳಗೆ ಅದರ ದನಿ ನನಗೂ ಕೇಳಿಸಲ್ಲ ತಾತ."

"ನಿಮಗೂ ಕೇಳಿಸಲ್ವಾ?" ರಾಯರಿಗೆ ಯಾಕೋ ಒಂದು ಬಗೆಯ ಸಮಾಧಾನವಾಯಿತು.

ಹುಡುಗಿ ಮತ್ತೆ ಪರೀಕ್ಷೆ ಮಾಡಿ, ಈ ಸಲ ಕಿಟಕಿಯ ಪರದೆ ಎಳೆದೇ ಮಾಡಿ, ಫಲಿತಾಂಶದ ಗೆರೆಯನ್ನು ತೋರಿಸಿದಳು. ಬಯಲಿನಂತೆ ಸಮನಾಗಿ ಹೋದ ಗೆರೆ ಕೊನೆಗೆ ಕಡಿದಾದ ಗುಡ್ಡದಿಂದ ಕೆಳಗೆ ಬಿದ್ದಿತ್ತು. "ಮೇಲಿನ ಸ್ವರಗಳು ಹೋಗಿವೆ. ವಯಸ್ಸಿಗೆ ಆಗುವಂಥದ್ದೇ. ಕಿವಿಗೆ ಮಿಷನ್ ಹಾಕಿದ್ರೆ ಸ್ವಲ್ಪ ವಾಪಸ್ ಬರುತ್ತೆ."

"ಪಿಯಾನೊ?" ಎಂದು ರಾಯರು ಕೇಳಿದರು. ಅಷ್ಟು ಸಣ್ಣ ದನಿಯಲ್ಲಿ ಅವರು ಮಾತಾಡಿದ್ದನ್ನು ಹೆಂಡತಿ ಅದುವರೆಗೆ ಕೇಳಿರಲಿಲ್ಲ.

"ಪಿಯಾನೊದ ಸ್ವರ ಎಲ್ಲ ಈ ಬಯಲಲ್ಲೇ ಇವೆ ತಾತ. ಬಲಗಡೆ ತುದಿಯ ಒಂದೆರಡು ಕೀಲಿಗೆ ಮಾತ್ರ ಹುಷಾರಾಗಿರಿ."

ರಾಯರು ಎದೆಯೊಳಗಿನ ಗಾಳಿಯನ್ನೆಲ್ಲ ಹೊರಗೆ ಬಿಟ್ಟರು. ಆ ಕೀಲಿಗಳನ್ನು ಯಾರು ತಾನೇ ಮುಟ್ಟುತ್ತಾರೆ, ಧೂಳು ಒರೆಸುವಾಗ ಬಿಟ್ಟರೆ! ಹಗುರಾದ ಮನಸ್ಸಿಗೆ ತಕ್ಷಣ ಇನ್ನೊಂದು ವಿಷಯ ಹೊಳೆಯಿತು. ಹೆಂಡತಿಯ ಕೈ ಹಿಡಿದು ಎಳೆದುಕೊಂಡೇ ಹೊರಗಿನ ಪಡಸಾಲೆಯ ಕಿಟಕಿಗೆ ಬಂದರು.

"ಅಲ್ಲೊಂದು ಹಕ್ಕಿ ಇತ್ತು. ಹೊನ್ನೆತ್ತಿ ಇರ್ಬಹುದು ಅನ್ಸುತ್ತೆ."

"ಹೇಗಿತ್ತು?"

"ಸಣ್ಣದು. ಹಸಿರು."

"ಯಾವ ಹಸಿರು?"

ರಾಯರು ತಬ್ಬಿಬ್ಬಾದರು. "ಹಸಿರು ಅಂದ್ರೆ... ಹಸಿರು. ಎಲೆ ಇರುತ್ತಲ್ಲ."

"ಬಾಳೆ ಎಲೆನೋ, ಒಣಗಿದ ಎಲೆನೋ? ನಿಮ್ಮನ್ನ ಬಟ್ಟೆ ಅಂಗಡಿಗೆ ಕಳಿಸಿದ್ರೆ ಇದೇ ಗತಿ. ಮದುವೆ ದಿನ ನಾನು ಯಾವ ಬಣ್ಣದ ಸೀರೆ ಉಟ್ಟಿದ್ದೆ, ಹೇಳಿ ನೋಡೋಣ."

"ಹಕ್ಕಿ ಹಾರಿಹೋಗುತ್ತೆ ಕಣೇ!" ಎಂದು ರಾಯರು ಜಾಣತನದಿಂದ ಕಿಟಕಿಯ ಕಡೆ ತಿರುಗಿದರು.

ಹಕ್ಕಿ ಇನ್ನೂ ಅಲ್ಲೇ ಇತ್ತು. ಒಂದು ಕ್ಷಣ ಒಂದು ಕಡೆ ನಿಲ್ಲುವ ಜಾತಿಯಲ್ಲ ಅದು. ಕೊಂಬೆಯ ಮೇಲೆ, ಕೊಂಬೆಯ ಕೆಳಗೆ, ತಲೆಕೆಳಗಾಗಿ, ಗಾಳಿಯಲ್ಲಿ ರೆಕ್ಕೆ ಬಡಿಯುತ್ತ ನಿಂತು, ಮತ್ತೆ ಕೊಂಬೆಗೆ. ರಾಯರ ಕಣ್ಣು ಅದರ ಹಿಂದೆ ಓಡಿ ಓಡಿ ಸುಸ್ತಾಯಿತು. ಹೆಂಡತಿ ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ, ಗಿರಾಕಿ ತಂದ ಕೋಟನ್ನು ನೋಡುವ ಹಾಗೆ ನೋಡಿದರು.

"ಹಿಂದೆ ಓಡ್ಬೇಡಿ. ಒಂದೊಂದ್ಸಲ ಒಂದೊಂದೇ ಭಾಗ ನೋಡಿ. ಮೊದಲು ಬೆನ್ನು. ಹಸಿರಿಗೆ ಸ್ವಲ್ಪ ಬೂದಿ ಕಲಸಿದ ಬಣ್ಣ. ಹೊಟ್ಟೆ ಕಡೆ ಲೈನಿಂಗ್ ಬೇರೆ, ಒಗೆದು ಒಗೆದು ಮಾಸಿದ ಬಿಳಿ. ಈಗ ತೋಳು ನೋಡಿ, ಪೈಪಿಂಗ್ ಇದೆಯಲ್ಲ?"

"ತೋಳಲ್ಲ, ರೆಕ್ಕೆ."

"ಯಾವುದೋ ಒಂದು. ಪೈಪಿಂಗ್ ಇದೆಯಾ ಇಲ್ವಾ?"

ಇತ್ತು. ಮಡಿಚಿದ ರೆಕ್ಕೆಗೆ ಅಡ್ಡಲಾಗಿ ಬಿಳಿ ಪಟ್ಟಿ, ಅದರ ಪಕ್ಕದಲ್ಲೇ ಮಸಿ ಚೆಲ್ಲಿದಂಥ ಕಪ್ಪು ಮಚ್ಚೆ. ಯಾರೋ ಮಂಜು ಹಿಡಿದ ಗಾಜನ್ನು ಒರೆಸಿದ ಹಾಗೆ ರಾಯರಿಗೆ ಹಕ್ಕಿ ನಿಚ್ಚಳವಾಗತೊಡಗಿತು. "ಹುಬ್ಬು!" ಎಂದರು ಥಟ್ಟನೆ. "ಕಣ್ಣಿನ ಮೇಲೆ ಗೆರೆ ಇದೆಯಾ ನೋಡು."

"ಯಾಕೆ, ನಿಮಗೇನಾಗಿದೆ? ನೀವೇ ನೋಡಿ."

ರಾಯರು ಹಣೆಯನ್ನು ಗಾಜಿಗೆ ಒತ್ತಿ ಕಾದರು. ಹಕ್ಕಿ ಒಮ್ಮೆ ನೇರ ಅವರ ಕಡೆಗೇ ಮುಖ ಮಾಡಿತು. ಬೋಳು ಮುಖ. ಅದರ ನಡುವೆ ಕಪ್ಪು ಗುಂಡಿ ಹೊಲಿದಂಥ ದೊಡ್ಡ ಕಣ್ಣು. ಏನೋ ಕೇಳಬಾರದ ಸುದ್ದಿ ಕೇಳಿ ಬೆಚ್ಚಿಬಿದ್ದವರ ಹಾಗೆ ಪಿಳಿಪಿಳಿ ನೋಡುತ್ತಿತ್ತು. "ಇಲ್ಲ!" ಎಂದು ರಾಯರು ಕೂಗಿದ್ದಕ್ಕೆ ಪಡಸಾಲೆಯ ಬೆಂಚಿನಲ್ಲಿ ತೂಕಡಿಸುತ್ತಿದ್ದ ರೋಗಿಯೊಬ್ಬರು ಎದ್ದು ಕೂತರು. ಕಿವಿ ಮಂದವಾದವರಿಗೂ ಕೇಳುವ ಹಾಗಿತ್ತು ಆ ಕೂಗು.

ಆದರೆ ನೆತ್ತಿ ನೋಡದೆ ಖಾತ್ರಿಯಿಲ್ಲ. ಹಕ್ಕಿ ಅವರ ಕಣ್ಣಿನ ಮಟ್ಟಕ್ಕಿಂತ ಮೇಲಿನ ಕೊಂಬೆಗಳಿಗೇ ಏರುತ್ತಿತ್ತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಂಡಿನೋವು ಮರೆತು ಮೂರನೇ ಮಹಡಿಗೆ ಹತ್ತಿದರು.

ಮೂರನೇ ಮಹಡಿ ಹೆರಿಗೆ ವಾರ್ಡು. ಕಿಟಕಿಯ ಹತ್ತಿರ ಹೋಗುವಷ್ಟರಲ್ಲಿ ನರ್ಸು ಅಡ್ಡ ಬಂದಳು. "ಯಾರನ್ನ ನೋಡೋಕೆ ಬಂದ್ರಿ?"

ಹೆಂಡತಿ ನಗುಮುಖ ಮಾಡಿ ಆಕೆಯನ್ನು ತಮ್ಮ ಕಡೆ ತಿರುಗಿಸಿಕೊಂಡರು. "ತುಂಬಾ ಪುಟ್ಟದು ಕಣಮ್ಮ. ಹಸಿರು ಬಟ್ಟೆ ಹಾಕ್ಕೊಂಡಿದೆ."

"ಇಲ್ಲಿ ಎಲ್ಲಾ ಮಕ್ಕಳಿಗೂ ಹಸಿರು ಬಟ್ಟೆನೇ ಹಾಕೋದು. ತಾಯಿ ಹೆಸರು ಹೇಳಿ."

"ತಾಯಿ ಯಾರು ಅಂತ ನಮಗೂ ಗೊತ್ತಿಲ್ಲಮ್ಮ..."

ನರ್ಸಿನ ಹುಬ್ಬು ಮೇಲೇರಿದ್ದನ್ನು ರಾಯರು ನೋಡಲಿಲ್ಲ. ಅವರು ಕಿಟಕಿಗೆ ಅಂಟಿಕೊಂಡಾಗಿತ್ತು. ಕೆಳಗೆ ಪೈನ್ ಮರದ ಕೊಂಬೆಗಳು ಹಾಸಿದಂತೆ ಕಾಣುತ್ತಿದ್ದವು. ಹಕ್ಕಿ ಒಂದು ಕೊಂಬೆಗೆ ಹಾರಿ, ಸೂಜಿಯೆಲೆಗಳ ಸಂದಿಯಲ್ಲಿ ಏನನ್ನೋ ಹುಡುಕಲು ತಲೆ ಬಗ್ಗಿಸಿತು.

ನೆತ್ತಿಯ ಮೇಲೆ ಹಳದಿ ಗೆರೆ! ಬಿಸಿಲು ನೇರ ಅದರ ಮೇಲೆ ಬಿದ್ದಿತ್ತು. ಅಷ್ಟು ಸಣ್ಣ ತಲೆಯಲ್ಲಿ ಅಷ್ಟು ಜೋರಾದ ಬಣ್ಣ! ರಾಯರ ಮೈಮೇಲಿನ ಕೂದಲು ನಿಮಿರಿತು. ಇದುವರೆಗೆ ಒಳ್ಳೆಯ ಪಿಯಾನೊ ಶ್ರುತಿ ಸೇರಿದಾಗ ಮಾತ್ರ ಹಾಗೆ ಆಗುತ್ತಿತ್ತು. ಯಾರೂ ತೋರಿಸಿಕೊಡದೆ, ಯಾರೂ ಹೇಳಿಕೊಡದೆ, ತಮ್ಮ ಎರಡು ಕಣ್ಣಿಂದ ತಾವೇ ಕಂಡದ್ದು.

"ಕಂಡೆ," ಎಂದರು.

ಹೆಂಡತಿ ನರ್ಸನ್ನು ಬಿಟ್ಟು ಓಡಿ ಬಂದರು. "ಎಲ್ಲಿ? ಎಲ್ಲಿ?" ಹಕ್ಕಿ ಆಗಲೇ ಕೊಂಬೆಯ ಅಡಿಗೆ ಸರಿದಿತ್ತು. "ಅಯ್ಯೋ, ನಾನಿಲ್ಲಿ ನಿಮಗೋಸ್ಕರ ಸುಳ್ಳು ಹೇಳ್ತಾ ನಿಂತಿದ್ರೆ ಅಲ್ಲಿ ನೀವೊಬ್ರೇ ನೋಡ್ಬಿಟ್ರಾ! ಹೇಗಿತ್ತು?"

"ಹಳದಿ."

"ಯಾವ ಹಳದಿ?"

ಈ ಸಲ ರಾಯರ ಬಳಿ ಉತ್ತರವಿತ್ತು. "ನಿನ್ನ ಅಳತೆ ಟೇಪಿಲ್ವಾ, ಹೊಸದು? ಆ ಹಳದಿ. ಎರಡೂ ಅಂಚಿಗೆ ಕಪ್ಪು."

ಆಕೆ ಒಂದು ಕ್ಷಣ ಗಂಡನ ಮುಖವನ್ನೇ ನೋಡಿದರು. ಟೇಪು ಹೊಸದು ಎಂಬುದನ್ನು ಇವರು ಯಾವಾಗ ಗಮನಿಸಿದರು? ಅಷ್ಟರಲ್ಲಿ ನರ್ಸು ಕಿಟಕಿಗೆ ಬಂದು ಬಗ್ಗಿ ನೋಡಿ, ವಿಷಯ ತಿಳಿದು, ಬೈಯಲು ತೆರೆದ ಬಾಯನ್ನು ಹಾಗೇ ಬಿಟ್ಟುಕೊಂಡು ತಾನೂ ಹುಡುಕಲು ನಿಂತಳು. ಮೂವರೂ ನೆತ್ತಿ ಕಂಡ ಮೇಲೆಯೇ ಅಲ್ಲಿಂದ ಕದಲಿದ್ದು.

ಭಾನುವಾರ ರಾಯರು ಗುಂಪಿನ ಮುಂದೆ ನಿಂತು ಸುತ್ತುಬಳಸದೆ ಹೇಳಿದರು. "ನೋಡಿ, ನನಗೆ ಮೇಲಿನ ಸ್ವರ ಕೇಳಿಸಲ್ಲ. ಅವತ್ತು ಹಕ್ಕಿ ಹಾಡಿದ್ದು ಕೇಳಿಸಿರ್ಲಿಲ್ಲ, ಶೂ ಅಂತ ಸುಳ್ಳು ಹೇಳ್ದೆ. ಈಗ ಆಸ್ಪತ್ರೆ ಅಂಗಳದಲ್ಲಿ ಹೊನ್ನೆತ್ತಿ ಇದೆ. ಕಣ್ಣಾರೆ ನೋಡಿದೀನಿ."

ಅಂಚೆಯಾಕೆ ಹತ್ತಿರ ಬಂದು ಅವರ ತೋಳು ತಟ್ಟಿದರು. ಡಾಕ್ಟರು ಮಾತ್ರ ಟೋಪಿ ಹಿಂದಕ್ಕೆ ಸರಿಸಿ, "ಕಣ್ಣು ಮುಚ್ಕೊಂಡು ನೋಡಿದ್ರೋ, ಬಿಟ್ಕೊಂಡೋ?" ಎಂದರು. ಆದರೂ ಆಸ್ಪತ್ರೆಗೆ ಹೊರಡುವಾಗ ಎಲ್ಲರಿಗಿಂತ ಮುಂದೆ ನಡೆದವರು ಅವರೇ. ರಾಯರ ಹೆಂಡತಿಯೂ ಆಸ್ಪತ್ರೆಯ ಗೇಟಿನ ಬಳಿ ಬಂದು ಕಾಯುತ್ತಿದ್ದರು. "ಸಾಕ್ಷಿಗೆ ಬಂದೆ," ಎಂದರು.

ಹಕ್ಕಿ ಕಾಣಲು ಬಹಳ ಹೊತ್ತೇನೂ ಹಿಡಿಯಲಿಲ್ಲ. ಹಿಡಿದದ್ದು ಜಗಳಕ್ಕೆ. "ಹುಬ್ಬಿನ ಗೆರೆ ಇದೆ. ಉಲಿಯಕ್ಕಿ," ಎಂದರು ಡಾಕ್ಟರು ಬೈನಾಕ್ಯುಲರ್ ಇಳಿಸದೆ.

"ಅದು ಹುಬ್ಬಲ್ಲ, ಪೈನ್ ಎಲೆಯ ನೆರಳು. ರೆಕ್ಕೆಯ ಪಟ್ಟಿ ನೋಡಿ ಡಾಕ್ಟ್ರೇ," ಎಂದರು ರಾಯರು.

"ಉಲಿಯಕ್ಕಿಗೂ ಕೆಲವಕ್ಕೆ ಪಟ್ಟಿ ಇರುತ್ತೆ ಸ್ವಾಮಿ!"

"ಪಟ್ಟಿ ಪಕ್ಕ ಕಪ್ಪು ಮಚ್ಚೆ ಇರುತ್ತಾ? ಇಂಥಾ ಪೆಚ್ಚು ಮುಖ ಇರುತ್ತಾ?"

ಮುಖ ಪೆಚ್ಚೋ ಅಲ್ಲವೋ ಎಂದು ಇಬ್ಬರೂ ದನಿಯೇರಿಸುತ್ತಿದ್ದಾಗ ಮರದ ಇನ್ನೊಂದು ಮಗ್ಗುಲಿಂದ ಇನ್ನೊಂದು ಪುಟಾಣಿ ಹಕ್ಕಿ ಬಂದು ಮೊದಲನೆಯದರ ಕೊಂಬೆಯಲ್ಲೇ ಇಳಿಯಿತು. ಅಲ್ಲೂ ಜಗಳ ಶುರುವಾಯಿತು. ಮೊದಲನೆಯದು ತಲೆ ತಗ್ಗಿಸಿ ಎದುರಾಳಿಯ ಮುಂದೆ ನೆತ್ತಿಯ ಗರಿಗಳನ್ನು ಬಿಚ್ಚಿ ನಿಲ್ಲಿಸಿತು. ಹಳದಿ ಗೆರೆ ಅಗಲವಾಗಿ ಅರಳಿ, ಅದರ ನಡುವಿನಿಂದ ಕಿತ್ತಳೆ ಬಣ್ಣ ಬೆಂಕಿಯ ಕಿಡಿಯಂತೆ ಎದ್ದಿತು. ಕೆಳಗೆ ನಿಂತವರ ಬಾಯಿಗಳೆಲ್ಲ ಒಟ್ಟಿಗೆ ತೆರೆದುಕೊಂಡವು. ಅಂಚೆಯಾಕೆ ಪಕ್ಕದವರ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು. ಅದು ಯಾರ ಕೈ ಎಂದು ಆಮೇಲೆ ನೋಡಿಕೊಂಡರು.

"ಹೊನ್ನೆತ್ತಿ," ಎಂದು ಡಾಕ್ಟರು ಒಪ್ಪಿಕೊಂಡರು. ಒಪ್ಪಿಕೊಂಡ ಕಹಿ ಬಾಯಿಂದ ಹೋಗಲೆಂದೋ ಏನೋ, ಸ್ವಲ್ಪ ಹೊತ್ತಿಗೆ ಹಕ್ಕಿ ಕೊಕ್ಕು ತೆರೆದದ್ದು ಕಂಡು, "ಆಹಾ! ಈಗ ಕೇಳಿ, ಏನು ಕಂಠ, ಏನು ಕಂಠ!" ಎಂದು ತಲೆದೂಗಿದರು.

ಅಂಚೆಯಾಕೆ ರಾಯರ ಕಡೆ ವಾಲಿ ಮೆಲ್ಲಗೆ, "ಅದು ಹಾಡ್ತಿಲ್ಲ. ಹುಳ ನುಂಗ್ತಿದೆ," ಎಂದರು.

ರಾಯರು ಕಣ್ಣು ಕಿರಿದಾಗಿಸಿ ನೋಡಿದರು. ಹೌದು, ಹಸಿರು ಹುಳವೊಂದು ಕೊಕ್ಕಿನಲ್ಲಿ ಒದ್ದಾಡುತ್ತಿತ್ತು. ಡಾಕ್ಟರು ಇನ್ನೂ ತಲೆದೂಗುತ್ತಲೇ ಇದ್ದರು. ರಾಯರಿಗೆ ತಳ್ಳುಗಾಡಿಯ ದಿನದ ನಗು ಕಿವಿಯೊಳಗೆ ಮೊಳಗಿತು. ನಾಲಿಗೆಯ ತುದಿಗೆ ಮಾತು ಬಂದಿತ್ತು. ಇಡೀ ಗುಂಪು ಎದುರಿಗಿತ್ತು. ಇಂಥ ಅವಕಾಶ ಯಾರಿಗೆ ಸಿಕ್ಕೀತು! ಆದರೆ ತಲೆದೂಗುತ್ತಿದ್ದ ಆ ಮುಖದಲ್ಲಿ, ಯಾರಾದರೂ ತನ್ನನ್ನು ಗಮನಿಸುತ್ತಿದ್ದಾರೆಯೇ ಎಂದು ಓರೆಗಣ್ಣಿಂದ ಹುಡುಕುವ ಹೆದರಿಕೆಯೊಂದಿತ್ತು. ಆ ಹೆದರಿಕೆ ರಾಯರಿಗೆ ಚೆನ್ನಾಗಿ ಗೊತ್ತಿದ್ದದ್ದೇ.

ಅವರು ಡಾಕ್ಟರ ಮೊಣಕೈ ಹಿಡಿದು ಅಂಬುಲೆನ್ಸ್ ನಿಂತಿದ್ದ ಮೂಲೆಗೆ ಕರೆದುಕೊಂಡು ಹೋದರು.

"ಡಾಕ್ಟ್ರೇ, ಹಲ್ಲು ಕೊರೆಯೋ ಆ ಮಿಷನ್ನು ಕುಯ್ಯೋ ಅಂತ ಅರಚುತ್ತಲ್ಲ, ಅದರ ಪಕ್ಕದಲ್ಲಿ ಎಷ್ಟು ವರ್ಷದಿಂದ ಕಿವಿ ಇಟ್ಕೊಂಡು ಕೂತಿದೀರಿ?"

ಡಾಕ್ಟರ ಮುಖದಿಂದ ಅಭಿಪ್ರಾಯಗಳೆಲ್ಲ ಇಳಿದುಹೋದವು. ಟೋಪಿ ತೆಗೆದು ಅಂಚನ್ನು ತಿರುವತೊಡಗಿದರು. "ಯಾವಾಗಿಂದ ಗೊತ್ತಾಯ್ತು?"

"ಈಗ್ತಾನೆ. ನೀವು ಹುಳಾನ ಹೊಗಳಿದಾಗ."

"ಯಾರಿಗೂ ಹೇಳ್ಬೇಡಿ ರಾಯರೇ."

"ನಾನು ಹೇಳಲ್ಲ. ಆದ್ರೆ ನಮ್ಮನೆಯವಳಿಗೆ ಗೊತ್ತಾಗಿದೆ. ಅಗೋ, ನೋಡಿ ನಗ್ತಿದಾಳೆ."

"ಹಾಗಾದ್ರೆ ಊರಿಗೆಲ್ಲ ಗೊತ್ತಾದ ಹಾಗೇ!"

ರಾಯರಿಗೆ ನಗು ತಡೆಯಲಾಗಲಿಲ್ಲ. ಡಾಕ್ಟರಿಗೂ ತಡೆಯಲಾಗಲಿಲ್ಲ. ಎರಡನೇ ಮಹಡಿಯ ಹುಡುಗಿಯ ಬಳಿ ಡಾಕ್ಟರನ್ನು ಕರೆದುಕೊಂಡು ಹೋದದ್ದು ರಾಯರ ಹೆಂಡತಿಯೇ. ಹಲ್ಲು ಕೀಳಿಸಿಕೊಳ್ಳಲು ಹೆದರುವ ಗಂಡಸರನ್ನು ನಿತ್ಯ ಗದರುವ ಮನುಷ್ಯ ಆ ಬೀರುವಿನೊಳಗೆ ಹೋಗಲು ಬಾಗಿಲಲ್ಲೇ ಕಾಲೂರಿ ನಿಂತರಂತೆ.

ಈಗ ಇಬ್ಬರ ಕಿವಿಯಲ್ಲೂ ಮಿಷನ್ನಿದೆ. ರಾಯರಿಗೆ ಹೊನ್ನೆತ್ತಿಯ ಹಾಡು ಅದರಿಂದ ಕೆಲವು ದಿನ ಎಳೆಯಷ್ಟು ಕೇಳಿಸಿತು, ಇನ್ನು ಕೆಲವು ದಿನ ಕೇಳಿಸಲಿಲ್ಲ. ಬೇಸಿಗೆಯ ಬಿಸಿಲು ಏರುತ್ತಿದ್ದಂತೆ ಹಕ್ಕಿಗಳು ಬಂದ ದಾರಿ ಹಿಡಿದು ಹೋದವು. ಪಿಯಾನೊದ ಬಲತುದಿಯ ಕೀಲಿಗಳಿಗೆ ರಾಯರು ಸಂಗೀತ ಶಾಲೆಯ ಟೀಚರನ್ನು ಪಕ್ಕದಲ್ಲಿ ನಿಲ್ಲಿಸಿಕೊಳ್ಳುತ್ತಾರೆ. ನಾಚಿಕೆಪಡುವುದಿಲ್ಲ.

ಡಾಕ್ಟರು ಕೃತಜ್ಞತೆಗೆಂದು ತಮ್ಮ ಹಳೆಯ ಬೈನಾಕ್ಯುಲರನ್ನು ರಾಯರಿಗೆ ಕೊಟ್ಟರು. ಅದು ರಾಯರ ಕೊರಳಲ್ಲಿ ಇದ್ದದ್ದು ಪಾರ್ಕಿನ ಗೇಟಿನವರೆಗೆ. ಈಗ ಭಾನುವಾರ ಹೊಲಿಗೆಗೆ ರಜೆ ಹಾಕಿ ಬರುವ ಹೆಂಡತಿ ಅದನ್ನು ಒಮ್ಮೆ ಕಣ್ಣಿಗೆ ಹಚ್ಚಿದರೆ ಇಳಿಸುವ ಮಾತೇ ಇಲ್ಲ. ಕಳೆದ ವಾರ ಪೊದೆಯಲ್ಲಿ ಯಾವುದೋ ಹೊಸ ಕಂದು ಹಕ್ಕಿ. ರಾಯರು ತುದಿಗಾಲಲ್ಲಿ ನಿಂತು, "ಕೊಡೇ ಇಲ್ಲಿ ಒಂದ್ಸಲ, ಬಾಲ ನೋಡ್ಬೇಕು," ಎಂದು ಅಂಗಲಾಚಿದರು.

"ಇರ್ರೀ, ಇನ್ನೂ ಕಾಲರ್ ಹತ್ರಾನೇ ಇದೀನಿ," ಎಂದರು ಆಕೆ.

ರಾಯರು ಬೆಂಚಿನ ಮೇಲೆ ಕೂತು ಫ್ಲಾಸ್ಕಿನಿಂದ ಚಹಾ ಬಗ್ಗಿಸಿಕೊಂಡು, ಬರಿಗಣ್ಣಿಗೆ ಕಂಡಷ್ಟನ್ನು ನೋಡುತ್ತ ತಮ್ಮ ಸರದಿಗೆ ಕಾದರು.